ಏಳು ಜನ, ಒಂದು ಖಾಲಿ ಕುರ್ಚಿ

ಭಾಗ 1/8

ಫೋಟೋದಲ್ಲಿರೋದು ನಮ್ಮೂರಿನ ಒಂದು ಹಳೇ ಕ್ಲಬ್‌ನ ನೋಟಿಸ್ ಬೋರ್ಡ್. ಹೆಸರು ಕಾಣದ ಹಾಗೆ ಕ್ರಾಪ್ ಮಾಡಿದ್ದೀನಿ, ಯಾವುದು ಅಂತ ಕೇಳ್ಬೇಡಿ. ಹಸಿರು ಬಟ್ಟೆ, ತುಕ್ಕು ಹಿಡಿದ ಪಿನ್ನು, ಮೂರು ಕಾಗದ.

ಒಂದನೇದು ಶನಿವಾರದ ಬ್ರಿಡ್ಜ್ ಫಲಿತಾಂಶ, ಕೈಬರಹದಲ್ಲಿ. ಎರಡನೇದು ಹಿರಿಯ ಸದಸ್ಯರೊಬ್ಬರು ತೀರಿಕೊಂಡ ಸುದ್ದಿ, ಭಾನುವಾರ ಸಂಜೆ ಐದಕ್ಕೆ ಶ್ರದ್ಧಾಂಜಲಿ. ಮೂರನೇದು ಟೈಪ್ ಮಾಡಿದ್ದು: ಆಡುವವರ ಸಂಖ್ಯೆ ಕಡಿಮೆಯಾಗಿರೋದರಿಂದ ಬ್ರಿಡ್ಜ್ ಕೋಣೆಯನ್ನ ವಾರಾಂತ್ಯದಲ್ಲಿ ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ಬಗ್ಗೆ ವಾರ್ಷಿಕ ಸಭೆಯಲ್ಲಿ ಚರ್ಚೆ.

ಎರಡನೇ ಕಾಗದಕ್ಕೂ ಮೂರನೇ ಕಾಗದಕ್ಕೂ ಸಂಬಂಧ ಇದೆ. ಅದನ್ನ ಹೇಳೋಕೇ ಈ ಸೀರೀಸ್.

ಬ್ರಿಡ್ಜ್ ಅಂದ್ರೆ ಸೇತುವೆ ಅಲ್ಲ ಕಣ್ರೋ, ಇಸ್ಪೀಟ್ ಆಟ. ಹೌದು, ಅದೇ ಎಕ್ಕ, ರಾಜ, ರಾಣಿ. ನಾನು ಹೇಳೋದು ಇಷ್ಟೇ: ಆ ಕೋಣೆ ಮುಚ್ಚಬಾರದು. ಅದನ್ನ ಉಳಿಸೋ ಕೆಲಸ ಅರ್ಧ ಅವರದು, ಅರ್ಧ ನಮ್ಮದು. ಒಪ್ಪದಿದ್ರೆ ಎಂಟನೇ ಭಾಗದ ತನಕ ಓದಿ, ಆಮೇಲೆ ಬೈರಿ.

ಭಾಗ 2/8

ನಾನು ಅಲ್ಲಿಗೆ ಹೋಗಿದ್ದು ಆಡೋಕಲ್ಲ. ನಮ್ಮ ಬಿಕಾಂ ಪ್ರಾಜೆಕ್ಟ್ ನೆನಪಿದೆಯಲ್ಲ, ಲಾಭದ ಉದ್ದೇಶ ಇಲ್ಲದ ಒಂದು ಸಂಸ್ಥೆಯ ಆದಾಯ-ವೆಚ್ಚದ ಲೆಕ್ಕ? ನೀವೆಲ್ಲ ಸಹಕಾರ ಸಂಘ, ಟ್ರಸ್ಟ್ ಅಂತ ಹೋದ್ರಿ. ನನಗೆ ಸಿಕ್ಕಿದ್ದು ಈ ಕ್ಲಬ್.

ಮೊದಲ ದಿನ ಗೇಟಲ್ಲೇ ವಾಪಸ್. ಕಾರಣ ಚಪ್ಪಲಿ. ಶೂ ಹಾಕ್ಕೊಂಡು ಬನ್ನಿ ಅಂದ್ರು. ಎರಡನೇ ದಿನ ಫ್ರೆಂಡ್ ಶೂ ಹಾಕ್ಕೊಂಡು ಹೋದೆ, ಒಂದು ಸೈಜ್ ದೊಡ್ಡದು. ಟಪ್ ಟಪ್ ಅಂತ ಸದ್ದು ಮಾಡ್ತಾ ಆಫೀಸ್ ರೂಮಿಗೆ ನಡೆದೆ. ಲೆಡ್ಜರ್ ಇಟ್ಟಿದ್ದ ಮೇಜಿನ ಪಕ್ಕದ ಬಾಗಿಲೇ ಬ್ರಿಡ್ಜ್ ಕೋಣೆ.

ಮೂರು ಶನಿವಾರ ಕಿಟಕಿಯಿಂದ ನೋಡಿದೆ. ನಾಲ್ಕನೇ ಶನಿವಾರ ಒಬ್ಬರು ಬರೋದು ತಡ ಆಯ್ತು. ಒಳಗಿಂದ ಒಬ್ಬರು ನಿವೃತ್ತ ಟೀಚರ್ ಕೂಗಿದ್ರು: "ಏ ಲೆಕ್ಕದ ಮಗು, ಬಾ ಇಲ್ಲಿ. ಎಲೆ ಹಿಡಿಯೋಕೆ ಬರುತ್ತಾ?"

ಅಜ್ಜಿ ಮನೇಲಿ ಕತ್ತೆ ಆಟ ಆಡಿ ಗೊತ್ತಿತ್ತು, ಅಷ್ಟೇ. "ಸಾಕು, ಕೂತ್ಕೋ" ಅಂದ್ರು.

ಎರಡು ಗಂಟೆ ಆದ್ಮೇಲೆ ಎದ್ದೆ. ಆ ಎರಡು ಗಂಟೆ ಫೋನ್ ಮುಟ್ಟಿರಲಿಲ್ಲ ಅನ್ನೋದು ಬಸ್ ಹತ್ತಿದ ಮೇಲೆ ಗೊತ್ತಾಯ್ತು.

ಭಾಗ 3/8

ಆಟ ಏನು ಅಂತ ಬೇಗ ಹೇಳ್ತೀನಿ. ಫೋಟೋದಲ್ಲಿರೋದು ಬಿಡ್ಡಿಂಗ್ ಬಾಕ್ಸ್.

ನಾಲ್ಕು ಜನ. ಎದುರು ಕೂತವರು ನಿಮ್ಮ ಜೊತೆಗಾರ. 52 ಎಲೆ, ಒಬ್ಬೊಬ್ಬರಿಗೆ 13. ಮೊದಲು ಹರಾಜು: ಯಾವುದು ತುರುಪು, ನಾವು ಎಷ್ಟು ಟ್ರಿಕ್ ಗೆಲ್ತೀವಿ ಅಂತ ಕೂಗಬೇಕು. ಆಮೇಲೆ ಆಡಿ ತೋರಿಸಬೇಕು. ಇಪ್ಪತ್ತೆಂಟು ಆಡಿದವರಿಗೆ ಅರ್ಧ ಆಗಲೇ ಅರ್ಥ ಆಗಿರುತ್ತೆ.

ಮಜಾ ಇರೋದು ಹರಾಜಲ್ಲಿ. ಅಲ್ಲಿ ಬಳಸೋಕೆ ಇರೋದು ಬರೀ 15 ಪದ: ಒಂದರಿಂದ ಏಳರ ತನಕ ಸಂಖ್ಯೆ, ಕಳಾವರ್, ಡೈಮಂಡ್, ಆಟೀನ್, ಇಸ್ಪೀಟ್, ತುರುಪಿಲ್ಲ, ಪಾಸ್, ಡಬಲ್, ರೀಡಬಲ್. ಇಷ್ಟರಲ್ಲೇ ನಿಮ್ಮ ಕೈಲಿ ಏನಿದೆ ಅಂತ ಎದುರಿನವರಿಗೆ ತಿಳಿಸಬೇಕು. ಅದನ್ನೂ ಬಾಯಲ್ಲಿ ಹೇಳೋ ಹಾಗಿಲ್ಲ, ಆ ಡಬ್ಬಿಯಿಂದ ಚೀಟಿ ತೆಗೆದು ಮೇಜಿನ ಮೇಲೆ ಇಡಬೇಕು. ಯಾಕೆ ಗೊತ್ತಾ? ದನಿಯಲ್ಲೂ ಸುಳಿವು ಹೋಗಬಾರದು ಅಂತ. ಮುಖ ಸಿಂಡರಿಸೋದು, ನಿಟ್ಟುಸಿರು ಬಿಡೋದು, ಬೇಕು ಅಂತ ತಡ ಮಾಡೋದು ಎಲ್ಲ ತಪ್ಪು. ನಿಮ್ಮ ಜೊತೆಗಾರನ ಜೊತೆ ಮಾಡಿಕೊಂಡ ಒಪ್ಪಂದ ಏನಿದೆಯೋ ಅದನ್ನ ಎದುರಾಳಿ ಕೇಳಿದ್ರೆ ಹೇಳಲೇಬೇಕು. ಗುಟ್ಟಿನ ಸಂಕೇತ ನಡೆಯಲ್ಲ.

ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ದಿನಕ್ಕೆ ಎಷ್ಟು ಪದ ಖರ್ಚಾಗುತ್ತೆ, ಯಾರಿಗೆ ಏನು ಅರ್ಥ ಆಗುತ್ತೆ ನೀವೇ ಯೋಚನೆ ಮಾಡಿ.

ಭಾಗ 4/8

"ಇಸ್ಪೀಟಾ? ಮನೆ ಹಾಳು ಮಾಡೋ ಆಟ."

ಇದು ಅಮ್ಮ. ನಿಮ್ಮ ಮನೇಲೂ ಇದೇ ಬರುತ್ತೆ. ನಾನು ಅಮ್ಮನ್ನ ತಪ್ಪು ಅನ್ನಲ್ಲ. ಪೇಪರ್ ತೆಗೆದ್ರೆ ಅಂದರ್ ಬಾಹರ್ ಅಡ್ಡೆ ಮೇಲೆ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ ಅನ್ನೋ ಸುದ್ದಿ ವಾರಕ್ಕೊಂದು. ನಮ್ಮ ಹಾಸ್ಟೆಲಲ್ಲೇ ಒಬ್ಬ ರಮ್ಮಿ ಆ್ಯಪಲ್ಲಿ ಸೆಮಿಸ್ಟರ್ ಫೀಸ್ ಕಳ್ಕೊಂಡಿದ್ದು, ಆಮೇಲೆ ಮೂರು ತಿಂಗಳು ಎಲ್ಲರ ಹತ್ರ ಸಾಲ ಕೇಳ್ತಾ ತಿರುಗಿದ್ದು ನಿಮಗೂ ಗೊತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆ ಪಾಸ್ ಮಾಡಿದಾಗ ಅಮ್ಮ ಟಿವಿ ಮುಂದೆ ಕೈ ಮುಗಿದಿದ್ರು.

ಆದರೆ ಎಲೆ ಒಂದೇ ಆದ್ರೆ ಆಟ ಒಂದೇ ಅಲ್ಲ. ಅಂದರ್ ಬಾಹರ್‌ನಲ್ಲಿ ನಿಮ್ಮ ತಲೆಗೆ ಕೆಲಸವೇ ಇಲ್ಲ, ಎಲೆ ಯಾವ ಕಡೆ ಬೀಳುತ್ತೋ ಅಷ್ಟೇ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನ ಮುಖ್ಯವಾಗಿ ಕೌಶಲ್ಯದ ಆಟ ಅಂತ ಹೇಳಿದಾಗ ಹೋಲಿಕೆಗೆ ತಗೊಂಡಿದ್ದೇ ಬ್ರಿಡ್ಜನ್ನ.

ಕ್ಲಬ್‌ಗಳಲ್ಲಿ ಆಡೋ ಡೂಪ್ಲಿಕೇಟ್ ಬ್ರಿಡ್ಜಂತೂ ಇನ್ನೂ ಒಂದು ಹೆಜ್ಜೆ ಮುಂದೆ. ನಾಲ್ಕು ಜೇಬಿರೋ ಒಂದು ಬೋರ್ಡಲ್ಲಿ ನಾಲ್ಕು ಜನರ ಎಲೆ ಹಾಗೇ ಇಟ್ಟು ಪಕ್ಕದ ಟೇಬಲ್ಲಿಗೆ ಕೊಡ್ತಾರೆ. ನನಗೆ ಬಂದ ಅದೇ 13 ಎಲೆ ಅಲ್ಲಿ ಇನ್ನೊಬ್ಬರಿಗೆ ಬರುತ್ತೆ. ಅದೇ ಎಲೆಯಲ್ಲಿ ಅವರು ಎಷ್ಟು ಮಾಡಿದ್ರು, ನಾವು ಎಷ್ಟು ಮಾಡಿದ್ವಿ, ಇದರ ಮೇಲೆ ಅಂಕ. ದರಿದ್ರ ಎಲೆ ಬಂದ್ರೂ ಗೆಲ್ಲಬಹುದು, ಪಕ್ಕದವರಿಗಿಂತ ಕಮ್ಮಿ ಸೋತ್ರೆ ಸಾಕು. "ನನ್ನ ನಸೀಬೇ ಸರಿ ಇಲ್ಲ" ಅನ್ನೋ ನೆಪ ಇಲ್ಲಿ ನಡೆಯಲ್ಲ.

ಪಣ? ಆ ಕೋಣೆಯಲ್ಲಿ ಇಲ್ಲ. ಕೊಡೋದು ಟೀ ಮತ್ತೆ ಟೇಬಲ್ ದುಡ್ಡು.

ಭಾಗ 5/8

ಈಗ ಶನಿವಾರದ ಸಂಜೆಗೆ ಬನ್ನಿ. ಫೋಟೋದಲ್ಲಿ ಅರ್ಧ ತಿಂದ ಖಾರ ಬೋಂಡ ಇದೆ, ಕ್ಷಮಿಸಿ.

ನಾಲ್ಕು ಗಂಟೆಗೆ ಶುರು ಅಂದ್ರೆ ಮೂರೂವರೆಗೇ ಎಲ್ಲ ಹಾಜರ್. ಆ ಅರ್ಧ ಗಂಟೆ ಊರಿನ ಸುದ್ದಿ: ಯಾರ ಮಗಳು ರಜೆಗೆ ಬಂದಿದ್ದಾಳೆ, ಯಾರ ಕಣ್ಣಿನ ಆಪರೇಷನ್ ಆಯ್ತು, ಯಾವ ಬೀದಿಯ ಮರ ಕಡಿದ್ರು. ಆಟ ಶುರುವಾದ್ರೆ ಎಲ್ಲ ನಿಲ್ಲುತ್ತೆ. ನಾಲ್ಕು ಜೋಡಿ ಇದ್ದಾಗ ಒಂದು ಜೋಡಿ ಕೂತಲ್ಲೇ ಕೂರುತ್ತೆ, ಉಳಿದವರು ಸುತ್ತಿಗೊಂದು ಸಲ ಕುರ್ಚಿ ಬದಲಿಸಬೇಕು. ಏಳದೇ ಇರೋ ಆ ಜಾಗ ಮಂಡಿ ನೋವಿನವರಿಗೆ. ಯಾರೂ ಬರೆದಿಟ್ಟ ನಿಯಮ ಅಲ್ಲ.

ಎಲೆ ತೆರೆದು ಮೇಜಿನ ಮೇಲೆ ಹಾಸಿದ ಜೊತೆಗಾರನಿಗೆ ಡಮ್ಮಿ ಅಂತಾರೆ. ಆ ಕೈ ಮುಗಿಯೋ ತನಕ ಅವನು ಸಲಹೆ ಕೊಡೋ ಹಾಗಿಲ್ಲ, ಬಾಯಿ ಮುಚ್ಕೊಂಡಿರಬೇಕು. ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್‌ಗೆ ಇದು ದೊಡ್ಡ ಶಿಕ್ಷೆ. ಅದಕ್ಕೇ ಡಮ್ಮಿ ಆದಾಗಲೆಲ್ಲ ಎದ್ದು ಎಲ್ಲರಿಗೂ ಟೀ ತರ್ತಾರೆ.

ಜಗಳ ಇಲ್ಲ ಅನ್ನಲ್ಲ. ನಾನು ಒಂದು ರಾಣಿ ತಪ್ಪಾಗಿ ಎಸೆದಿದ್ದಕ್ಕೆ ಹತ್ತು ನಿಮಿಷ ಬೈಸಿಕೊಂಡಿದ್ದೀನಿ. ಅದನ್ನ ಬೈದವರೇ ನನ್ನ ಕಾಸ್ಟ್ ಅಕೌಂಟಿಂಗ್ ಡೌಟು ಕೇಳಿ, ಪೇಪರ್ ಹಿಂದೆ ಬರೆದು ವಿವರಿಸಿದ್ರು. 70 ದಾಟಿದವರು ನನ್ನನ್ನ "ಪಾರ್ಟ್ನರ್" ಅಂತ ಕರೀತಾರೆ. ಮನೇಲಿ, ಕಾಲೇಜಲ್ಲಿ, ಬಸ್ಸಲ್ಲಿ ಇಷ್ಟು ವಯಸ್ಸಿನ ಯಾರ ಜೊತೆ ನೀವು ಸಮಸಮ ಕೂತಿದ್ದೀರ? ಕಾಲಿಗೆ ಬೀಳ್ತೀವಿ, ಇಲ್ಲಾಂದ್ರೆ ಸೀಟು ಬಿಡ್ತೀವಿ. ಅಷ್ಟೇ ಅಲ್ವಾ?

ಭಾಗ 6/8

ನೋಟಿಸ್ ಬೋರ್ಡಿನ ಎರಡನೇ ಕಾಗದ. ಇದಕ್ಕೆ ಫೋಟೋ ಹಾಕಲ್ಲ.

ತೀರಿಕೊಂಡವರು ಟೀಚರ್‌ಗೆ ಜೊತೆಗಾರ. ರೈಲ್ವೆಯಲ್ಲಿದ್ದವರು. ಇಬ್ಬರೂ ಎಷ್ಟೋ ವರ್ಷದಿಂದ ಪ್ರತಿ ಶನಿವಾರ ಎದುರುಬದುರು ಕೂತವರು. ಒಬ್ಬರ ಮನೆ ಇನ್ನೊಬ್ಬರು ನೋಡಿರಲಿಲ್ಲವಂತೆ. ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ದೊಡ್ಡ ದೊಡ್ಡ ಮಾತಾಡಿದ್ರು. ಟೀಚರ್ ಎದ್ದು ಒಂದೇ ಮಾತು ಹೇಳಿ ಕೂತ್ರು: "ನಾನು ತಪ್ಪು ಎಲೆ ಹಾಕಿದಾಗಲೂ ಅವರು ಒಂದ್ಸಲನೂ ಮುಖ ಬದಲಿಸಲಿಲ್ಲ."

ಮುಂದಿನ ಶನಿವಾರ ಬಂದವರು ಏಳು ಜನ. ಬ್ರಿಡ್ಜಲ್ಲಿ ಏಳು ಅಂದ್ರೆ ಒಂದು ಟೇಬಲ್, ಮತ್ತೆ ಮೂರು ಜನ ಪ್ರೇಕ್ಷಕರು. ಒಂದೇ ಟೇಬಲ್ ಆದ್ರೆ ಹೋಲಿಸೋಕೆ ಪಕ್ಕದ ಟೇಬಲ್ ಇಲ್ಲ, ಡೂಪ್ಲಿಕೇಟ್ ಆಟವೇ ಇಲ್ಲ. ಒಬ್ಬರು ಹೋದ್ರೆ ಎಂಟೂ ಜನರ ಸಂಜೆ ಹೋಗುತ್ತೆ.

ನಾನು ಅವತ್ತು ಅಲ್ಲೇ ಇದ್ದೆ. ಕುರ್ಚಿ ಖಾಲಿ ಇತ್ತು. ಆದ್ರೆ ಕೂರೋ ಹಾಗಿರಲಿಲ್ಲ. ಯಾಕಂದ್ರೆ ಸದಸ್ಯರಲ್ಲದವರು ತಿಂಗಳಿಗೆ ಎರಡೇ ಸಲ ಅತಿಥಿ ಪುಸ್ತಕದಲ್ಲಿ ಸಹಿ ಹಾಕಬಹುದು, ನನ್ನ ಎರಡು ಮುಗಿದಿತ್ತು. ಕಾರ್ಯದರ್ಶಿ ಹತ್ರ ಕೇಳಿದೆ. "ನಿಯಮ ನಿಯಮಾನೇ" ಅಂದ್ರು. ಟೀಚರ್ ಸೋಫಾದಲ್ಲಿ ಕೂತು ಪೇಪರ್ ಬಿಡಿಸಿದ್ರು. "ಇವತ್ತು ನನ್ನ ಕಣ್ಣು ಸರಿ ಇಲ್ಲ, ನೀವು ಆಡಿ" ಅಂದ್ರು. ಒಂದು ಗಂಟೆ ಅದೇ ಪುಟ ಹಿಡ್ಕೊಂಡಿದ್ರು.

ಅದಾದ ಎರಡು ವಾರಕ್ಕೆ ಮೂರನೇ ಕಾಗದ ಬಂತು. ಆಡುವವರ ಸಂಖ್ಯೆ ಕಡಿಮೆ ಅಂತ.

ಭಾಗ 7/8

ಈಗ ಲೆಕ್ಕ ಮಾತಾಡೋಣ, ನಾವು ಬಿಕಾಂನವರು.

ಕಮಿಟಿ ಹೇಳೋದು ಸುಳ್ಳಲ್ಲ. ಲೆಡ್ಜರ್ ನಾನೇ ನೋಡಿದ್ದೀನಿ. ಬ್ರಿಡ್ಜ್ ಕೋಣೆಯ ಆದಾಯ ಎರಡು ಸಾಲು, ವೆಚ್ಚ ಒಂದು ಪುಟ. ಒಂದು ನಾಮಕರಣಕ್ಕೆ ಬಾಡಿಗೆ ಕೊಟ್ರೆ ಬರೋ ದುಡ್ಡು ವರ್ಷದ ಟೇಬಲ್ ದುಡ್ಡಿಗಿಂತ ಜಾಸ್ತಿ. ಕಟ್ಟಡ ಸೋರ್ತಿದೆ, ಕೆಲಸದವರಿಗೆ ಸಂಬಳ ಕೊಡಬೇಕು. ಇದನ್ನ ತಳ್ಳಿಹಾಕೋಕೆ ಆಗಲ್ಲ.

ಆದ್ರೆ ನಮ್ಮ ಪುಸ್ತಕದ ಮೊದಲ ಪಾಠ ಏನು? ಲಾಭದ ಉದ್ದೇಶ ಇಲ್ಲದ ಸಂಸ್ಥೆಯಲ್ಲಿ ಹೆಚ್ಚುವರಿ, ಕೊರತೆ ಅಂತೀವೇ ಹೊರತು ಲಾಭ, ನಷ್ಟ ಅನ್ನಲ್ಲ. ಸಂಸ್ಥೆ ಇರೋದು ಸದಸ್ಯರು ಸೇರೋಕೆ. ಸೇರೋ ಕೋಣೆಯನ್ನೇ ಬಾಡಿಗೆಗೆ ಕೊಟ್ಟು ಉಳಿಸೋದು ಏನನ್ನ?

ಬ್ರಿಡ್ಜಿಗೆ ಲೆಕ್ಕದವರ ಜೊತೆ ಜಗಳ ಹೊಸದಲ್ಲ. ಇಂಗ್ಲಿಷ್ ಬ್ರಿಡ್ಜ್ ಯೂನಿಯನ್ ತನ್ನ ಸ್ಪರ್ಧೆಗಳ ಶುಲ್ಕಕ್ಕೆ ಕ್ರೀಡೆಗೆ ಸಿಗೋ ವ್ಯಾಟ್ ವಿನಾಯಿತಿ ಕೇಳಿತ್ತು. 2017ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಕೊಡಲ್ಲ ಅಂತು, ಮೈ ಬಳಸೋದು ನಾಮಮಾತ್ರ ಆದ್ರೆ ತೆರಿಗೆ ಮಟ್ಟಿಗೆ ಅದು ಕ್ರೀಡೆ ಅಲ್ಲ ಅಂತ. ಮರುವರ್ಷವೇ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಮೊದಲ ಸಲ ಪದಕದ ಆಟ ಆಯ್ತು. ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದವರು ನಮ್ಮವರು, ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ವಯಸ್ಸು 60 ಮತ್ತು 56. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರ ತಂಡಕ್ಕೆ ಬೆಳ್ಳಿ ಬಂತು. 60ರಲ್ಲಿ ದೇಶಕ್ಕೆ ಚಿನ್ನ ತರಬಹುದಾದ ಆಟ ಇನ್ನೊಂದು ಯಾವುದಿದೆ, ಹೇಳಿ?

ಕ್ಲಬ್‌ನವರಿಗೆ ನನ್ನ ಮಾತು: ನಿಮಗೆ ಜನ ಇಲ್ಲ ಅನ್ನೋ ಸಮಸ್ಯೆ ಅರ್ಧ ನೀವೇ ಮಾಡಿಕೊಂಡಿದ್ದು. ಸದಸ್ಯತ್ವ ಶುಲ್ಕ ನಮ್ಮ ಮೂರು ವರ್ಷದ ಡಿಗ್ರಿಗಿಂತ ದುಬಾರಿ. ಚಪ್ಪಲಿ ನೋಡಿ ವಾಪಸ್ ಕಳಿಸ್ತೀರ. ಅತಿಥಿ ಪುಸ್ತಕಕ್ಕೆ ಬೀಗ. ಆಮೇಲೆ ಈಗಿನ ಹುಡುಗರಿಗೆ ಆಸಕ್ತಿ ಇಲ್ಲ ಅಂತೀರ. ನಾವು ಬಾರ್ ಕೇಳ್ತಿಲ್ಲ, ಈಜುಕೊಳ ಕೇಳ್ತಿಲ್ಲ. ಶನಿವಾರ ಮಾತ್ರ, ಒಂದು ಕೋಣೆ ಮಾತ್ರ, ವಿದ್ಯಾರ್ಥಿಗಳಿಗೆ ಟೇಬಲ್ ದುಡ್ಡು ಮಾತ್ರ ತಗೊಂಡು ಕೂರಿಸಿ. ಒಂದು ವರ್ಷ ನೋಡಿ. ಆಗಲೂ ಕುರ್ಚಿ ತುಂಬದಿದ್ರೆ ನಾಮಕರಣಕ್ಕೆ ಕೊಡಿ, ನಾನೇ ಬಂದು ಬಾಡಿಗೆ ರಸೀದಿ ಬರೀತೀನಿ.

ಇದನ್ನ ಕಾಗದದಲ್ಲಿ ಬರೆದು ಕಾರ್ಯದರ್ಶಿಗೆ ಕೊಟ್ಟಿದ್ದೀನಿ. ಏಳೂ ಜನ ಸಹಿ ಹಾಕಿದ್ದಾರೆ. ಟೀಚರ್ ಕಣ್ಣು ಅವತ್ತು ಸರಿ ಇತ್ತು.

ಭಾಗ 8/8

ಕೊನೇದು ನಮಗೆ.

ನಾವೂ ಸಾಚಾಗಳಲ್ಲ. ತಿಂಗಳಿಗೊಮ್ಮೆ ಸ್ಟೋರಿಯಲ್ಲಿ "ಸ್ಕ್ರೀನ್ ಟೈಮ್ ಕಮ್ಮಿ ಮಾಡ್ಬೇಕು" ಅಂತ ಹಾಕ್ತೀವಿ, ಅದನ್ನೂ ಸ್ಕ್ರೀನಲ್ಲೇ. ಕೆಫೆಯಲ್ಲಿ ನಾಲ್ಕು ಜನ ಕೂತು ನಾಲ್ಕು ಫೋನ್ ನೋಡ್ತೀವಿ. ನಾಲ್ಕು ಜನರಲ್ಲಿ ಒಬ್ಬ ಗಮನ ಬಿಟ್ರೂ ನಡೆಯದ ಆಟ ನಮ್ಮೂರಲ್ಲೇ ಇದೆ, ನಾವು ಅದರ ಬಾಗಿಲು ತಟ್ಟಿಲ್ಲ. ನನ್ನನ್ನೂ ಪ್ರಾಜೆಕ್ಟ್ ಎಳ್ಕೊಂಡು ಹೋಗಿದ್ದು, ಆಸಕ್ತಿ ಅಲ್ಲ.

ಇದು ದೊಡ್ಡವರ, ಇಂಗ್ಲಿಷ್‌ನವರ ಆಟ ಅನ್ನೋ ಸಂಕೋಚ ನನಗೂ ಇತ್ತು. ಹದಿನೈದು ಪದ ಕಲಿಯೋಕೆ ಯಾವ ಮೀಡಿಯಂ ಬೇಕು? ಅಲ್ಲದೇ ಎಲೆ ಆಟ ನಮಗೆ ಹೊರಗಿನದೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ 19ನೇ ಶತಮಾನದಲ್ಲೇ ಗಂಜೀಫಾ ಎಲೆಗಳ ಹೊಸ ಹೊಸ ಆಟ ಕಟ್ಟಿದವರು. ಶ್ರೀತತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಅವು ಇವೆ. ಅರಮನೆಗೆ ಅವಮಾನ ಅನ್ನಿಸದ್ದು ನಮಗ್ಯಾಕೆ?

ಕಷ್ಟವನ್ನೂ ಹೇಳಿಬಿಡ್ತೀನಿ. ಮೊದಲ ಒಂದು ತಿಂಗಳು ಏನೂ ಅರ್ಥ ಆಗಲ್ಲ. ಎರಡನೇ ತಿಂಗಳು ಬೈಗುಳ. ನಾನು ಆರು ತಿಂಗಳಾದ್ರೂ ಬೋರ್ಡಿನ ಫಲಿತಾಂಶದಲ್ಲಿ ಕೊನೇ ಸಾಲಲ್ಲೇ ಇದ್ದೀನಿ. ಮೊದಲ ಫೋಟೋ ಜೂಮ್ ಮಾಡಿ ನೋಡಿ, ಬೇಕಾದ್ರೆ ನಗಿ.

ಈಗ ನನ್ನ ವಿನಂತಿ. ವಾರ್ಷಿಕ ಸಭೆಗೆ ಮೂರು ವಾರ ಇದೆ. ಅಲ್ಲಿ ಮಾತಾಡೋ ಹಕ್ಕು ನಮಗಿಲ್ಲ. ಆದ್ರೆ ಕಲಿಯೋಕೆ ತಯಾರಿರೋ ಹೆಸರುಗಳ ಪಟ್ಟಿ ಟೀಚರ್ ಕೈಲಿದ್ರೆ ಅವರು ಎದ್ದು ಓದಬಹುದು. ಅಲ್ಲಿ ತನಕ ಬುಧವಾರ ಸಂಜೆ ನಾಲ್ಕಕ್ಕೆ ಕಾಲೇಜು ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚಿನ ಹತ್ರ ನಾನಿರ್ತೀನಿ, ಕೈಲಿ ಒಂದು ಕಟ್ಟು ಎಲೆ. ಶೂ ಬೇಡ, ಚಪ್ಪಲಿ ನಡೆಯುತ್ತೆ. ದುಡ್ಡು ಬೇಡ. ಮನೇಲಿ ಕೇಳಿದ್ರೆ ನಾಲ್ಕನೇ ಭಾಗ ತೋರಿಸಿ.

ನನಗೆ ಬೇಕಿರೋದು ಲೈಕ್ ಅಲ್ಲ, ಮೂರು ಜನ. "ಬರ್ತೀನಿ" ಅಂತ ಕಾಮೆಂಟ್ ಹಾಕಿ, ಹಾಕಿದ್ರೆ ಬನ್ನಿ. ಮೂರಲ್ಲಿ ಒಬ್ಬರು ಕೈ ಕೊಟ್ರೆ ಏನಾಗುತ್ತೆ ಅಂತ ಆರನೇ ಭಾಗದಲ್ಲಿ ಓದಿದ್ದೀರಲ್ಲ.

#ಬ್ರಿಡ್ಜ್ #ಶನಿವಾರದಸಂಜೆ #ಖಾಲಿಕುರ್ಚಿ #ಬಿಕಾಂಬದುಕು