ಕ್ಷಣವನ್ನು ಹಿಡಿಯುವ ಬೆಳಕು

ವೇಗವಾಗಿ ಚಲಿಸುವ ವಸ್ತುವಿನ ಛಾಯಾಚಿತ್ರ ತೆಗೆಯಲು ಬೆಲೆಬಾಳುವ ಕ್ಯಾಮೆರಾ ಬೇಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದನ್ನು ನಾವು ಒಪ್ಪುವುದಿಲ್ಲ. ಬೇಕಾದುದು ಕತ್ತಲೆ ಕೋಣೆ, ಅತ್ಯಲ್ಪಕಾಲ ಮಿಂಚುವ ದೀಪ, ಮತ್ತು ಅದು ಯಾವಾಗ ಮಿಂಚಬೇಕೆಂಬ ವಿವೇಚನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಈ ಪ್ರಯೋಗ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ಅರ್ಧ ಮೀಟರ್ ಎತ್ತರದಿಂದ ಬಿದ್ದ ಹಾಲಿನ ಹನಿ ತಟ್ಟೆಯನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 3.1 ಮೀಟರ್. ಷಟರ್ ಸೆಕೆಂಡಿನ 250ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೂ ಅಷ್ಟರಲ್ಲಿ ಹನಿ 12 ಮಿಲಿಮೀಟರ್ ಇಳಿದಿರುತ್ತದೆ. ಚಿತ್ರದಲ್ಲಿ ಉಳಿಯುವುದು ಬರಿಯ ಗೀರು. ಛಾಯಾಗ್ರಾಹಕರು ಬಳಸುವ ಸಾಧಾರಣ ಫ್ಲಾಷ್ ದೀಪವನ್ನು ಕನಿಷ್ಠ ಶಕ್ತಿಯಲ್ಲಿಟ್ಟರೆ ಅದು ಸೆಕೆಂಡಿನ 20,000ದ ಒಂದು ಭಾಗದಷ್ಟು ಮಾತ್ರ ಬೆಳಗಬಲ್ಲುದು. ಆಗ ಹನಿ ಸರಿಯುವುದು 0.16 ಮಿಲಿಮೀಟರ್. ಕೋಣೆ ಕತ್ತಲಾಗಿದ್ದರೆ ಷಟರ್ ಒಂದು ಸೆಕೆಂಡು ತೆರೆದೇ ಇದ್ದರೂ ಚಿಂತೆಯಿಲ್ಲ. ಷಟರಿನ ಕೆಲಸವನ್ನು ಬೆಳಕೇ ಮಾಡುತ್ತದೆ.

ಈ ತತ್ತ್ವ ಹೊಸದಲ್ಲ. 1851ರಲ್ಲಿ ಲಂಡನ್ನಿನಲ್ಲಿ ಟಾಲ್ಬಟ್ ಎಂಬಾತನು ತಿರುಗುವ ಚಕ್ರಕ್ಕೆ ಅಂಟಿಸಿದ ಮುದ್ರಿತ ಹಾಳೆಯ ಚಿತ್ರವನ್ನು ವಿದ್ಯುತ್ ಕಿಡಿಯ ಬೆಳಕಿನಲ್ಲಿ ತೆಗೆದನು. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ, ಕಿರೀಟದಂತೆ ಚಿಮ್ಮಿದ ಹಾಲಿನ ಹನಿಯ ಚಿತ್ರ ಲೋಕಪ್ರಸಿದ್ಧವಾಗಿದೆ.

ಆದರೆ ದೀಪ ಮಿಂಚಬೇಕಾದ ಗಳಿಗೆಯನ್ನು ಗೊತ್ತುಮಾಡುವವರು ಯಾರು? ನಮ್ಮ ಬೆರಳಿಗೆ ಆ ಚುರುಕಿಲ್ಲ. ವಸ್ತುವೇ ತನ್ನ ಬರವನ್ನು ಸಾರುವಂತೆ ಮಾಡಬೇಕು. ಇದಕ್ಕೆ ಹತ್ತಿರದ ನಿದರ್ಶನ ಕೋಲಾರ ಚಿನ್ನದ ಗಣಿಯಲ್ಲಿಯೇ ದೊರೆಯುತ್ತದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳನ್ನು ಸಾಲುಸಾಲಾಗಿ ಜೋಡಿಸಿದ್ದರು. ವಿದ್ಯುದಾವೇಶವುಳ್ಳ ಕಣವೊಂದು ಹಾದುಹೋದರೆ ಇಕ್ಕೆಲದ ಪ್ಲಾಸ್ಟಿಕ್ ಫಲಕಗಳು ಮಿನುಗಿ ಸೂಚನೆ ಕೊಡುತ್ತಿದ್ದುವು. ಕೂಡಲೇ ಕೊಳವೆಗಳಿಗೆ ಹೆಚ್ಚಿನ ವೋಲ್ಟೇಜು ದೊರೆತು, ಕಣದ ದಾರಿಯಲ್ಲಿದ್ದವು ಬೆಳಗುತ್ತಿದ್ದುವು. ಕ್ಯಾಮೆರಾ ಆ ದಾರಿಯನ್ನು ದಾಖಲಿಸುತ್ತಿತ್ತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಬಂಡೆಯಲ್ಲಿ ಉಂಟುಮಾಡಿದ ಮ್ಯೂಆನ್ ಕಣಗಳು ಹೀಗೆ ಸಿಕ್ಕಿದುವು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಇಂಥದೇ ಫಲ ದೊರೆಯಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆ ಉಪಾಯ ಮಾತ್ರ ಇಂದಿಗೂ ಉಪಯುಕ್ತವೇ.

ಶಾಲೆಯಲ್ಲಿ ಇದನ್ನೇ ಸರಳವಾಗಿ ಮಾಡಬಹುದು. ಬೀಳುವ ಹನಿ ಒಂದು ಬೆಳಕಿನ ಕಿರಣವನ್ನು ಕಡಿಯಲಿ; ಆ ಸೂಚನೆಯಿಂದ, ಕೆಲವು ಮಿಲಿಸೆಕೆಂಡುಗಳ ತರುವಾಯ, ಫ್ಲಾಷ್ ಮಿಂಚಲಿ. ಈ ವಿಳಂಬವನ್ನು ಸ್ವಲ್ಪಸ್ವಲ್ಪವೇ ಬದಲಿಸಿದರೆ ಕಿರೀಟ ಮೂಡಿ ಮರೆಯಾಗುವ ಹಂತಗಳೆಲ್ಲ ಕಾಣುತ್ತವೆ. ಹಾಲಿಗೆ ಹೆಸರಾದ ಈ ಜಿಲ್ಲೆಯಲ್ಲಿ ಒಂದು ಬಟ್ಟಲು ಹಾಲಿಗೆ ಬರವಿಲ್ಲ. ಶ್ರೀನಿವಾಸಪುರದ ಮಾವಿನಕಾಯಿಯನ್ನು ಕೈಬಿಟ್ಟ ಗಳಿಗೆಯಿಂದಲೇ ಸಮಾನ ಅಂತರದಲ್ಲಿ ಮಿಂಚುವ ದೀಪದ ಮುಂದೆ ಬೀಳಿಸಿದರೆ, ಅದು ಕ್ರಮಿಸುವ ದೂರಗಳು 1, 3, 5, 7ರ ಪ್ರಮಾಣದಲ್ಲಿರುವುದನ್ನು ಅಳೆಯಬಹುದು. ಮುಳಬಾಗಿಲಿನ ದೋಸೆಯ ಕಾದ ಕಾವಲಿಯ ಮೇಲೆ ನೀರ ಹನಿ ಏಕೆ ಕುಣಿಯುತ್ತದೆಂಬುದನ್ನೂ ಪರೀಕ್ಷಿಸಬಹುದು.

ಕೈಯಲ್ಲಿರುವ ಫೋನೇ ನಿಧಾನಗತಿಯ ಚಿತ್ರ ತೆಗೆಯುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಸೆಕೆಂಡಿಗೆ 240 ಚಿತ್ರ ತೆಗೆದರೂ, ಎರಡು ಚಿತ್ರಗಳ ನಡುವೆ ನಮ್ಮ ಹನಿ 13 ಮಿಲಿಮೀಟರ್ ಸಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೋನಿನಲ್ಲಿ ವಿದ್ಯಾರ್ಥಿ ಪ್ರೇಕ್ಷಕ. ಇಲ್ಲಿ ಅವನೇ, ಅವಳೇ ಪ್ರಯೋಗದ ಕರ್ತೃ.

ಒಂದು ಎಚ್ಚರಿಕೆ ಅವಶ್ಯ. ಫ್ಲಾಷಿನೊಳಗಿನ ಕೆಪಾಸಿಟರ್ ಆರಿಸಿದ ಮೇಲೂ ಪ್ರಾಣಾಂತಿಕ ಆಘಾತ ಕೊಡಬಲ್ಲುದು, ಅದನ್ನು ಬಿಚ್ಚಕೂಡದು. ಉಳಿದ ಉಪಕರಣಗಳನ್ನು ಅಧ್ಯಾಪಕರ ನೆರವಿನಿಂದ ಜೋಡಿಸಿಕೊಳ್ಳಬಹುದು. ನಾಲ್ಕಾರು ಶಾಲೆಗಳು ಒಂದೇ ದೀಪವನ್ನು ಹಂಚಿಕೊಂಡರೂ ಸಾಕು. ಈ ವರ್ಷವೇ ಕೆಲಸ ಆರಂಭವಾಗಲಿ.