ಆ ಬಾಂಡು ಬರೆದ ಕೈ ನಮ್ಮದೇ



ಊರ ಗೌಡನ ಕಟ್ಟೆಯ ನ್ಯಾಯವನ್ನು ನಾವು ಬೇಕಾದಷ್ಟು ಬೈದಿದ್ದೇವೆ. ಮೈಕು ಹಿಡಿದು ಬೈದಿದ್ದೇವೆ, ಪದ್ಯ ಕಟ್ಟಿ ಬೈದಿದ್ದೇವೆ. ಈ ಸಲ ನಮ್ಮ ಕೇರಿಯ ಕಟ್ಟೆಯ ಮಾತು ಆಡೋಣ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಕೇರಿಗಳಲ್ಲಿ ಗಂಡ ಹೆಂಡತಿ ಬೇರೆಯಾಗುವುದು ಎಲ್ಲಿ? ಗುಡಿಯ ಮುಂದಿನ ಕಟ್ಟೆಯ ಮೇಲೆ. ಹತ್ತು ಗಂಡಸರು ಕೂತಿರ್ತಾರ. ಹುಡುಗಿ ಕೂಸು ಎತ್ತಿಕೊಂಡು ದೂರ ನಿಂತಿರ್ತಾಳ. 'ಏನರ ಒಂದಿಷ್ಟು ಕೊಟ್ಟು ಕೈ ತೊಳಕೋ ಬಿಡಪ್ಪ' ಅಂತ ಹಿರೇರು ಅವನಿಗೆ ಹೇಳ್ತಾರ. ಅವಳನ್ನು ಯಾರೂ ಕೇಳಂಗಿಲ್ಲ. ಆಮೇಲೆ ಒಂದು ಕೂಗು: 'ಡಿಗ್ರಿ ಓದಿದ ಹುಡುಗನ್ನ ಕರೀರಿ, ಅವನ ಅಕ್ಷರ ಚೆಂದ ಅದಾವ.'

ಆ ಹುಡುಗರು ನಾವು. ಬಿ.ಎ. ಓದಿದವರು, ಸಭೆಯಲ್ಲಿ ಸಮಾನತೆ ಮಾತಾಡುವವರು. ಛಾಪಾ ಕಾಗದದ ಮೇಲೆ ನಾವೇ ಮೂರು ಸಾಲು ಬರೆದೆವು: 'ಪರಸ್ಪರ ಒಪ್ಪಿಗೆಯಿಂದ ಬೇರೆ ಇದ್ದೇವೆ. ಜೀವನಾಂಶ ಕೇಳುವುದಿಲ್ಲ. ಮಗು ತಂದೆಗೆ ಸೇರಿದ್ದು.' ಹೆಬ್ಬೆಟ್ಟು ಬಿತ್ತು. ಅವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಅವಳು ಕಾಲುವೆ ಕೆಳಗಿನ ಗದ್ದೆಗೆ ನಾಟಿ ಕೂಲಿಗೆ ಹೋದಳು. ಮೊಲೆ ಬಿಡದ ಕೂಸು ಅತ್ತೆಯ ಮನೆಯಲ್ಲಿ ಉಳಿಯಿತು. ಆ ಮೂರು ಸಾಲಿಗೆ ಕಾನೂನಿನಲ್ಲಿ ಏನು ಬೆಲೆ ಅಂತ ನಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಾಚಿಕೆಯಿಂದ ಬರೆಯುತ್ತಿದ್ದೇವೆ.

ಮೊದಲ ಸಾಲು: 'ಒಪ್ಪಿಗೆಯಿಂದ ಬೇರೆ ಇದ್ದೇವೆ.' ಇದು ವಿಚ್ಛೇದನ ಅಲ್ಲ. ನೋಟರಿ ಮುದ್ರೆ ಬಿದ್ದರೂ ಅಲ್ಲ. 1955ರ ಹಿಂದೂ ವಿವಾಹ ಕಾಯಿದೆ ಬೌದ್ಧರಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಬಿಡುಗಡೆ ಕೊಡುವುದು ಕೋರ್ಟು. ಜಾತಿಯ ರೂಢಿಯ ಬಿಡುಗಡೆಯನ್ನು 29ನೇ ಕಲಮು ಒಪ್ಪುತ್ತದೆ ನಿಜ. ಆದರೆ ಅಂಥ ರೂಢಿ ಹಿಂದಿನಿಂದ ನಡೆದು ಬಂದಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಪರಿಶಿಷ್ಟ ಪಂಗಡದ ನಾಯಕ ಬಂಧುಗಳು ಗಮನಿಸಿ: ಈ ಕಾಯಿದೆ ಪಂಗಡದವರಿಗೆ ತಾನಾಗಿ ಅನ್ವಯಿಸುವುದಿಲ್ಲ, ನಿಮಗೆ ರೂಢಿಯೇ ಆಧಾರ. ಹಾಗಾಗಿ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಕಟ್ಟೆಯ ಬಾಂಡನ್ನೇ ನಂಬಿ ಇನ್ನೊಂದು ಮದುವೆಯಾದವನ ಮೇಲೆ ದ್ವಿಪತ್ನಿತ್ವದ ಕೇಸು ಬಿದ್ದರೆ ಏಳು ವರ್ಷದ ತನಕ ಜೈಲು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಜೀವನಾಂಶದ ಕಲಮು ಹಿಂದೆ 125 ಆಗಿತ್ತು, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ ಜೀವನಾಂಶ ಇಲ್ಲ ಅಂತ ಅದೇ ಕಲಮಿನಲ್ಲಿದೆ. ನಾವು ಚೆಂದಾಗಿ ಬರೆದ ಆ ಸಾಲನ್ನೇ ಅವನ ವಕೀಲ ಜಡ್ಜರ ಮುಂದೆ ಹಿಡಿಯುತ್ತಾನೆ! ಒದ್ದು ಹೊರಗೆ ಹಾಕಿದ್ದು ಕಾಗದದಲ್ಲಿ 'ಒಪ್ಪಿಗೆ' ಆಗಿದೆ. ಇಬ್ಬರೂ ನಿಜವಾಗಿ ಒಪ್ಪಿದ್ದರೆ ಕೋರ್ಟಿಗೆ ಹೋಗಿ. ಒಂದು ವರ್ಷ ಬೇರೆ ಇದ್ದವರು 13ಬಿ ಕಲಮಿನಡಿ ಜಂಟಿ ಅರ್ಜಿ ಕೊಡಬಹುದು. ಹಾಗೆ ಕೋರ್ಟಿನಿಂದ ವಿಚ್ಛೇದನ ಪಡೆದವಳಿಗೆ ಜೀವನಾಂಶ ತಪ್ಪುವುದಿಲ್ಲ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ಎರಡನೆಯ ಸಾಲು: 'ಜೀವನಾಂಶ ಕೇಳುವುದಿಲ್ಲ.' ಮಕ್ಕಳ ಅನ್ನವನ್ನು ತಾಯಿಯ ಹೆಬ್ಬೆಟ್ಟಿನಿಂದ ಬಿಡಿಸಿಕೊಳ್ಳಲು ಆಗದು. ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೂ ತಂದೆ ಕೊಡಲೇಬೇಕು. ಮುತ್ತು ಕಟ್ಟಿಸಿಕೊಂಡ ತಾಯಂದಿರೇ, ಇದನ್ನು ಎರಡು ಸಲ ಓದಿಸಿ ಕೇಳಿ. ಹಿಂದೆ ತಿಂಗಳಿಗೆ 500 ರೂಪಾಯಿ ಮಿತಿ ಇತ್ತು, 2001ರಲ್ಲಿ ಅದು ಹೋಯಿತು. ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶ ಕೇಳಿ. ನೋಟಿಸು ತಲುಪಿದ 60 ದಿನದಲ್ಲಿ ಸಾಧ್ಯವಾದಷ್ಟೂ ತೀರ್ಮಾನ ಆಗಬೇಕು ಅಂತ ಕಾನೂನೇ ಹೇಳುತ್ತದೆ. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟು, ಜೈಲು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಮರೆತರೆ ಆ ದಾರಿ ಮುಚ್ಚುತ್ತದೆ.

ಮೂರನೆಯ ಸಾಲು: 'ಮಗು ತಂದೆಗೆ ಸೇರಿದ್ದು.' ಕೂಸು ಯಾರ ಆಸ್ತಿಯೂ ಅಲ್ಲ. 1956ರ ಕಾಯಿದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಅದಕ್ಕಿಂತ ದೊಡ್ಡ ಮಗುವಾದರೆ ಅದರ ಹಿತ ಎಲ್ಲಿದೆ ಅಂತ ಕೋರ್ಟು ನೋಡುತ್ತದೆ. ಬುದ್ಧಿ ಬಂದ ಮಗುವಿನ ಮನಸ್ಸನ್ನೂ ಕೇಳುತ್ತದೆ. ಮಗು ತಾಯಿಯ ಹತ್ತಿರ ಇದ್ದರೂ ಖರ್ಚು ಕೊಡುವ ಭಾರ ತಂದೆಗೆ ತಪ್ಪುವುದಿಲ್ಲ, ನೋಡಿಕೊಂಡು ಹೋಗುವ ಹಕ್ಕೂ ಅವನಿಗಿದೆ.

ಇನ್ನು ದುಡ್ಡಿನ ಮಾತು. ತವರಿನಿಂದ ತಂದ ಬಂಗಾರ, ಭಾಂಡೆ ಅವಳವು. ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಇಬ್ಬರೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಿಗಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಅವನ ಮೇಸ್ತ್ರಿ ಯಾರು, ದಿನಗೂಲಿ ಎಷ್ಟು, ಹೊಲ ಯಾರ ಹೆಸರಲ್ಲಿದೆ, ಬರೆದಿಟ್ಟುಕೊಳ್ಳಿ. ಸಂಘದ ಸಾಲ, ಫೈನಾನ್ಸಿನ ಸಾಲ ಅವಳ ಹೆಸರಲ್ಲಿ ಎತ್ತಿ ಅವನು ಖರ್ಚು ಮಾಡಿದ್ದರೆ ಅದನ್ನೂ ಬರೆಯಿಸಿ, ಕಂತಿನ ಚೀಟಿ ಜೋಡಿಸಿ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಕೊಟ್ಟಿದೆ, ಮನೆ ಯಾರ ಹೆಸರಲ್ಲಿದ್ದರೂ ಸರಿ. ಅದಕ್ಕೆ ಸಿಡಿಪಿಒ ಕಚೇರಿಗೆ ಹೋಗಿ.

'ವಕೀಲರ ಫೀಜಿಗೆ ಎಲ್ಲಿಂದ ತರೂದು?' 1987ರ ಕಾಯಿದೆಯಡಿ ಎಲ್ಲ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದ ಎಲ್ಲರಿಗೂ ವಕೀಲರು ಪುಕ್ಕಟೆ. ಆದಾಯದ ಮಿತಿ ಇಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೆ ಸಾಕು. ಫೋನು 15100. ಮಸ್ಕಿ ಹೊಸ ತಾಲೂಕು. ನಿಮ್ಮ ಊರು ಯಾವ ಕೋರ್ಟಿನ ಸರಹದ್ದು ಅಂತ ಅಲ್ಲೇ ಕೇಳಿ. ಗಂಡ ಬೆಂಗಳೂರಿನಲ್ಲಿದ್ದರೆ ನೀವು ಬೆಂಗಳೂರಿಗೆ ಅಲೆಯಬೇಕಿಲ್ಲ, ನೀವಿರುವ ಕಡೆಯೇ ಕೇಸು ಹಾಕಬಹುದು.

'ಕೋರ್ಟಿಗೆ ಹೋದ್ರ ಕೇರಿ ಮಾನ ಹೊಕ್ಕತಿ' ಅಂತಾರ ಹಿರೇರು. ಹಿರೇರೇ, ಬಿಟ್ಟು ಬಂದವಳಿಗೆ ಉಡಿಕೆ ಮಾಡಿ ಮತ್ತೊಂದು ಬಾಳು ಕೊಟ್ಟ ಕೇರಿ ನಮ್ಮದು. ಅದು ನಮ್ಮ ಹೆಮ್ಮೆ. ಆದರೆ ಲೆಕ್ಕದ ಹೊತ್ತಿಗೆ ಅವಳ ಕೈ ಬರಿದಾದದ್ದು ಯಾಕೆ? ಕೋರ್ಟು ತಡ, ವಾಯಿದೆ ಮೇಲೆ ವಾಯಿದೆ, ಒಪ್ಪುತ್ತೇವೆ. ಆದರೆ ಅಲ್ಲಿ ಅವಳಿಗೆ ಮಾತಾಡುವ ಸರದಿ ಬರುತ್ತದೆ, ನಿಮ್ಮ ಕಟ್ಟೆಯಲ್ಲಿ ಬರುವುದಿಲ್ಲ. ಹಿಂದೂ ಕೋಡ್ ಬಿಲ್ಲನ್ನು ಬದಿಗೆ ತಳ್ಳಿದರು ಅಂತ ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ಹೆಂಗಸಿನ ವಿಚ್ಛೇದನದ ಹಕ್ಕು, ಆಸ್ತಿಯ ಹಕ್ಕು ಆ ಬಿಲ್ಲಿನಲ್ಲಿತ್ತು. ಅವರ ಫೋಟೋಕ್ಕೆ ಹಾರ ಹಾಕುವ ಕೈಯಿಂದಲೇ ನಾವು ಆ ಬಾಂಡು ಬರೆದೆವು!

ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನವನ್ನು ನಾವು ಸ್ಕೂಲಿನಲ್ಲಿ ಓದಿದ್ದೇವೆ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಅಂತ ಆ ಕಲ್ಲು ಹೇಳುತ್ತದೆ. ನಾವು ತಿಳಿದದ್ದನ್ನು ತಿಳಿಸುತ್ತಿದ್ದೇವೆ. ಓದು ಬಂದವರು ಓದಿ ಹೇಳಿ.

ಇನ್ನು ಮೇಲೆ ನಮ್ಮ ಹುಡುಗರು ಯಾರೂ ಕಟ್ಟೆಯ ಬಾಂಡು ಬರೆಯುವುದಿಲ್ಲ. ಕರೆದರೆ ಬರುತ್ತೇವೆ, ಬಿಳಿ ಹಾಳೆ ತರುತ್ತೇವೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು, ಅವಳಿಗೆ ಓದಿ ಹೇಳಿ, ಕಾನೂನು ಸೇವಾ ಸಮಿತಿಗೆ ಕೂಡಿ ಹೋಗುತ್ತೇವೆ. ಅಕ್ಕಂದಿರೇ, ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಬರೆದವರು ನಾವೇ ಆಗಿದ್ದರೂ ಒತ್ತಬೇಡಿ.

ಜೈ ಭೀಮ್.