255 ಪಂಪು ಯಾಕೆ ತರಿಸ್ತೀರಿ ಮಾರಾಯ್ರೆ? (ಗ್ಯಾರೇಜ್ ಮಾತು, ಭಾಗ 6)

ಕಳೆದ ಭಾಗದಲ್ಲಿ ಟರ್ಬೊ ಬಗ್ಗೆ ಬರೆದ ಮೇಲೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಪೋಲೋ ಜಿಟಿ ಟಿಎಸ್‌ಐ ಉಂಟು, ಸ್ಟೇಜ್ 1 ಮಾಡಿಸಿ ಆಯ್ತು, ಈಗ ವಾಲ್‌ಬ್ರೊ 255 ಪಂಪು ಹಾಕಿದ್ರೆ ಎಷ್ಟು ಪವರ್ ಬರ್ತದೆ?"

ಏನೂ ಬರುವುದಿಲ್ಲ. ಫ್ಯೂಯೆಲ್ ಪಂಪು ಪವರ್ ಕೊಡುವ ಸಾಮಾನಲ್ಲ. ಟರ್ಬೊ ಹೆಚ್ಚು ಗಾಳಿ ನುಗ್ಗಿಸಿದಾಗ ಅದಕ್ಕೆ ತಕ್ಕ ಪೆಟ್ರೋಲು ತಲುಪಿಸುವುದಷ್ಟೇ ಅದರ ಕೆಲಸ. ತಲುಪ್ತಾ ಇದ್ದರೆ ಮುಟ್ಟಬೇಡಿ. ತಲುಪ್ತಾ ಇಲ್ಲ ಅಂತಾದರೆ ಇವತ್ತೇ ಬೂಸ್ಟ್ ಇಳಿಸಿ, ಪಂಪಿನ ಮಾತು ಆಮೇಲೆ.

ನಮ್ಮ ಕಡೆಯವರಿಗೆ ಇದು ಅರ್ಥ ಆಗ್ಲಿಕ್ಕೆ ಪುಸ್ತಕ ಬೇಡ, ಅಡಿಕೆ ತೋಟ ಸಾಕು. ಮಾರ್ಚ್ ತಿಂಗಳಲ್ಲಿ ವೋಲ್ಟೇಜ್ ಬಿದ್ದಾಗ ಎಂತ ಆಗ್ತದೆ? ಪಂಪು ಓಡ್ತಾ ಇರ್ತದೆ, ಶಬ್ದವೂ ಬರ್ತದೆ, ಆದ್ರೆ ಗುಡ್ಡದ ಬದಿಯ ಕೊನೆಯ ಜೆಟ್ಟು ತಿರುಗುವುದಿಲ್ಲ. ಕಾರಿನ ಪಂಪಿಗೂ ಅದೇ ಕತೆ. ಡಬ್ಬಿಯ ಮೇಲೆ "ಗಂಟೆಗೆ 255 ಲೀಟರ್" ಅಂತ ಬರೆದದ್ದು ಒಂದು ನಿರ್ದಿಷ್ಟ ಒತ್ತಡಕ್ಕೆ, ಒಂದು ನಿರ್ದಿಷ್ಟ ವೋಲ್ಟೇಜಿಗೆ ಮಾತ್ರ. ಒತ್ತಡ ಏರಿದ ಹಾಗೆ ಹರಿವು ಇಳಿಯುತ್ತದೆ. ಕನೆಕ್ಟರ್ ತುಕ್ಕು ಹಿಡಿದು ಒಂದು ವೋಲ್ಟ್ ತಿಂದರೂ ಇಳಿಯುತ್ತದೆ. ವರ್ಷದ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಊರಿನಲ್ಲಿ ಅರ್ತಿಂಗ್ ವೈರ್ ನೋಡದೆ ಪಂಪಿಗೆ ದುಡ್ಡು ಸುರಿಯುವುದು ಯಾಕೆಂದು ನನಗೆ ಅರ್ಥ ಆಗಿಲ್ಲ.

ಈಗ ಲೆಕ್ಕ. ಟರ್ಬೊ ಪೆಟ್ರೋಲ್ ಎಂಜಿನ್ ಫುಲ್ ಲೋಡಿನಲ್ಲಿ ಒಂದು ಹಾರ್ಸ್‌ಪವರಿಗೆ ಗಂಟೆಗೆ ಅಂದಾಜು 270 ಗ್ರಾಂ ಪೆಟ್ರೋಲು ಕುಡಿಯುತ್ತದೆ. ಪೋಲೋ ಜಿಟಿಯ 1.2 ಎಂಜಿನಿನ 105 ಪಿಎಸ್‌ಗೆ ಇದು ಗಂಟೆಗೆ 38 ಲೀಟರಿನ ಆಸುಪಾಸು. ರೀಮ್ಯಾಪ್ ಮಾಡಿಸಿ 140 ಮುಟ್ಟಿಸಿದಿರಿ ಅಂತಲೇ ಇಟ್ಟುಕೊಳ್ಳಿ, 51 ಲೀಟರ್. ಅದಕ್ಕೆ 255 ಲೀಟರಿನ ಪಂಪು! ಹತ್ತು ತೆಂಗಿನ ಮರಕ್ಕೆ ಹತ್ತು ಎಚ್‌ಪಿ ಮೋಟಾರ್ ಇಟ್ಟ ಹಾಗೆ. ಹೆಚ್ಚಾದ ಪೆಟ್ರೋಲು ಸುಮ್ಮನೆ ಟ್ಯಾಂಕಿಗೇ ಸುತ್ತು ಹೊಡೆದು ಬಿಸಿಯಾಗ್ತದೆ, ರೆಗ್ಯುಲೇಟರಿಗೆ ತಡೆಯದಿದ್ದರೆ ಒತ್ತಡವೂ ಹದ ತಪ್ತದೆ.

ಇನ್ನೊಂದು ವಿಷಯ ಉಂಟು, ಇದನ್ನು ರೀಲ್‌ಗಳಲ್ಲಿ ಯಾರೂ ಹೇಳುವುದಿಲ್ಲ. ಟಿಎಸ್‌ಐ, ಐ20 ಎನ್ ಲೈನ್, ಹಳೆಯ ಬಲೆನೊ ಆರ್‌ಎಸ್, ಇವೆಲ್ಲ ಡೈರೆಕ್ಟ್ ಇಂಜೆಕ್ಷನ್. ಇವುಗಳಲ್ಲಿ ಪಂಪು ಒಂದಲ್ಲ, ಎರಡು. ಮದ್ದು ಬಿಡುವುದನ್ನು ನೆನಪು ಮಾಡಿಕೊಳ್ಳಿ. ಬೋರ್ಡೋ ದ್ರಾವಣ ಡ್ರಮ್ಮಿನಲ್ಲಿ, ಅಲ್ಲಿಂದ ಪೈಪು ಸ್ಪ್ರೇಯರಿಗೆ, ಸ್ಪ್ರೇಯರಿನ ಪಿಸ್ಟನ್ನು ಒತ್ತಿ ಕೊಟ್ಟರೆ ಮಾತ್ರ ಅಡಿಕೆ ಮರದ ಕೊನೆಗೆ ಮಂಜಿನ ಹಾಗೆ ತಲುಪುವುದು. ಕಾರಿನಲ್ಲಿ ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪು ಕೆಲವೇ ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಎಂಜಿನ್ ತನಕ ತರ್ತದೆ. ಅಲ್ಲಿ ಕ್ಯಾಮ್‌ಶಾಫ್ಟಿನ ಉಬ್ಬು ಒತ್ತುವ ಹೈಪ್ರೆಶರ್ ಪಂಪು ಅದನ್ನು 150, 200 ಬಾರಿಗೆ ಏರಿಸ್ತದೆ. ಹೊಸ ಎಂಜಿನ್‌ಗಳಲ್ಲಿ 350 ತನಕವೂ ಉಂಟು. ಪವರ್ ಏರಿಸಿದಾಗ ಸಾಧಾರಣವಾಗಿ ಮೊದಲು ಸೋಲುವುದು ಈ ಎರಡನೆಯದ್ದು. ಸ್ಪ್ರೇಯರಿನ ಪಿಸ್ಟನ್ನಿಗೆ ತಾಕತ್ತು ಇಲ್ಲದಾಗ ಡ್ರಮ್ಮಿಗೆ ದೊಡ್ಡ ಪೈಪು ಇಟ್ಟು ಎಂತ ಪ್ರಯೋಜನ?

ಮೇಲಿಂದ ಸಮಯದ ಅಭಾವ ಬೇರೆ. 6000 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕಿಗೆ ಸಿಗುವುದು 5 ಮಿಲಿಸೆಕೆಂಡು. ಅಷ್ಟರಲ್ಲಿ ಬೇಕಾದಷ್ಟು ಪೆಟ್ರೋಲು ಸಿಲಿಂಡರಿಗೆ ಬೀಳದಿದ್ದರೆ ಮಿಶ್ರಣ ತೆಳುವಾಗ್ತದೆ, ಬಿಸಿ ಏರ್ತದೆ, ನಾಕಿಂಗ್ ಶುರು. ಪಿಸ್ಟನ್ ರಿಂಗಿನ ಅಂಚು ಒಡೆಯಲಿಕ್ಕೆ ಫುಲ್ ಬೂಸ್ಟಿನಲ್ಲಿ ಕೆಲವು ಸೆಕೆಂಡು ಸಾಕು. ಆ ಕಾರು ಅಪ್ಪನ ಹೆಸರಿನಲ್ಲಿ, ಸಾಲ ಇನ್ನೂ ಬಾಕಿ ಅಂತಾದರೆ ಮನೆಯಲ್ಲಿ ಎಂತ ಹೇಳ್ತೀರಿ?

ಹಾಗಾದ್ರೆ ಪಂಪು ಬದಲಿಸುವುದೇ ತಪ್ಪಾ? ಅಲ್ಲ. ಅಬಾರ್ತ್ ಪುಂಟೊ ತಗೊಳ್ಳಿ. 1.4 ಟಿ-ಜೆಟ್, 145 ಹಾರ್ಸ್‌ಪವರ್, ಪೋರ್ಟ್ ಇಂಜೆಕ್ಷನ್. ಅದರಲ್ಲಿ ಟ್ಯಾಂಕಿನ ಪಂಪು ಒಂದೇ. ಇಂಥ ಎಂಜಿನಿಗೆ ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಹಾಕಿದ ಮೇಲೆ ಹಳೆ ಪಂಪು ಸಾಕಾಗದೇ ಇರಬಹುದು. ಬೂಸ್ಟ್ ಒಂದು ಬಾರ್ ಏರಿದರೆ, ಇಂಜೆಕ್ಟರಿನಿಂದ ಅದೇ ಹರಿವು ಬೇಕಿದ್ದರೆ, ಪೆಟ್ರೋಲಿನ ಒತ್ತಡವೂ ಒಂದು ಬಾರ್ ಏರಬೇಕಲ್ಲ. ಅಲ್ಲಿ ಪಂಪು ಹಾಕಿಸುವುದಕ್ಕೆ ನನ್ನ ತಕರಾರಿಲ್ಲ. ಆದ್ರೆ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುವ ವಾಲ್‌ಬ್ರೊ ಬೇಡವೇ ಬೇಡ. ಲೋಕದಲ್ಲಿ ಅತಿ ಹೆಚ್ಚು ನಕಲಿ ಮಾಡಿಸಿಕೊಂಡ ಪಂಪುಗಳಲ್ಲಿ ಅದೂ ಒಂದು.

ಕಂಪೆನಿಯಲ್ಲೇ ಕೂರಿಸಿದ ಪಂಪೂ ಕೈ ಕೊಡ್ತದೆ. 2020ರ ಜುಲೈಯಲ್ಲಿ ಮಾರುತಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊಗಳನ್ನು ಫ್ಯೂಯೆಲ್ ಪಂಪಿಗಾಗಿಯೇ ವಾಪಸ್ ಕರೆಸಿತ್ತು. ಅದರ ಹಿಂದಿನ ತಿಂಗಳು ಹೋಂಡಾ 65,651 ಕಾರು ಕರೆಸಿತ್ತು. ಪರೀಕ್ಷೆ ಮಾಡಿದ ಪಂಪಿನದ್ದೇ ಈ ಪಾಡಾದರೆ ಹೆಸರಿಲ್ಲದ ಡಬ್ಬಿಯ ಪಂಪು ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಬಸ್ಸು ಇರುವಾಗ ನಿಂತರೆ? ಸೆಕೆಂಡ್ ಹ್ಯಾಂಡ್ ತಗೊಂಡವರು ಚಾಸಿ ನಂಬರ್ ಹಾಕಿ ರೀಕಾಲ್ ಬಾಕಿ ಉಂಟಾ ನೋಡಿ. ಪುಕ್ಕಟೆ ಕೆಲಸ.

ಇ20 ಬಗ್ಗೆಯೂ ಕೇಳಿದ್ದೀರಿ. ಶುದ್ಧ ಪೆಟ್ರೋಲು ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಇ20 ಸುಮಾರು ಶೇ 8ರಿಂದ 9ರಷ್ಟು ಹೆಚ್ಚು ಬೇಕು. ಸ್ಟಾಕ್ ಕಾರಿಗೆ ಇದು ಹೆಚ್ಚಿನ ಹೊರೆ ಅಲ್ಲ. ರೀಮ್ಯಾಪ್ ಮಾಡಿ ಪಂಪಿನ ಕೊನೆಯ ಹನಿಯನ್ನೂ ಹಿಂಡುತ್ತಿರುವ ಕಾರಿಗೆ ಹೌದು. ಪೋಲೋ ಮಾರಾಟ ನಿಂತದ್ದು 2022ರಲ್ಲಿ, ಇ20 ಎಲ್ಲ ಕಡೆ ಬರುವ ಮೊದಲು. ಮ್ಯಾಪ್ ಬರೆದವರು ಯಾವ ಪೆಟ್ರೋಲಿಗೆ ಬರೆದರು ಅಂತ ಕೇಳಿದ್ದೀರಾ?

ಪಂಪಿನ ಮೊದಲು ಲಾಗ್ ತೆಗೆಯಿರಿ. ಎಂಜಿನ್ ಕೇಳಿದ ರೈಲ್ ಪ್ರೆಶರ್ ಎಷ್ಟು, ಸಿಕ್ಕಿದ್ದು ಎಷ್ಟು, ಲ್ಯಾಂಬ್ಡಾ ಎಷ್ಟು, ಇಗ್ನಿಷನ್ ಎಷ್ಟು ಹಿಂದೆ ಹೋಗ್ತಾ ಉಂಟು. ಎರಡೂ ಗೆರೆ ಮೇಲಿನ ಆರ್‌ಪಿಎಂ ತನಕ ಒಟ್ಟಿಗೆ ಹೋದರೆ ಪಂಪು ಸರಿಯೇ ಉಂಟು, ದುಡ್ಡು ಟಯರಿಗೆ ಹಾಕಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಸಿ ಘಾಟಿ ಹತ್ತಬೇಡಿ. ಪಂಪನ್ನು ತಂಪು ಮಾಡುವುದು ಅದೇ ಪೆಟ್ರೋಲು, ತಿರುವಿನಲ್ಲಿ ಅದು ಒಂದು ಬದಿಗೆ ಸರಿದರೆ ಪಂಪು ಗಾಳಿ ಎಳೀತದೆ. ಹೈಪ್ರೆಶರ್ ಲೈನನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಆ ಒತ್ತಡದಲ್ಲಿ ಪೆಟ್ರೋಲು ಚರ್ಮದ ಒಳಗೇ ಹೋಗ್ತದೆ.

ಲಾಗ್ ತೆಗೆಯುವುದು ಡೈನೋ ಮೇಲೆ. ಬೆಂಗಳೂರಿನಲ್ಲಿ ಸಿಗ್ತದೆ, ನಾಲ್ಕು ಜನ ಸೇರಿ ಹೋಗಿ. ಸವಣೂರು–ಕಾಣಿಯೂರು ರಸ್ತೆಯಲ್ಲಿ ಸಂಜೆ ನಾಲ್ಕಕ್ಕೆ ಮೂರನೇ ಗೇರಿನಲ್ಲಿ ಎಳೆದು ನೋಡುವುದು ಬೇಡ. ಆ ಹೊತ್ತಿಗೆ ನಿಮ್ಮ ತಮ್ಮನೋ ತಂಗಿಯೋ ಶಾಲೆ ಬಿಟ್ಟು ಅದೇ ರಸ್ತೆಯ ಬದಿಯಲ್ಲಿ ನಡೆದು ಬರ್ತಾ ಇರ್ತಾರೆ. ಕಾನೂನೂ ಉಂಟು: ಅನುಮತಿ ಇಲ್ಲದೆ ವಾಹನ ಮಾರ್ಪಾಡು ಮಾಡಿದರೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮೆಯವರು ಕೈ ಎತ್ತಿದರೆ ಅದು ಬೇರೆ.

ಲಾಗ್ ಫೈಲ್ ಇದ್ದವರು ಕಳಿಸಿ, ಹೆಸರು ಹಾಕದೆ ಗ್ರಾಫ್ ಸಮೇತ ಮುಂದಿನ ಭಾಗದಲ್ಲಿ ನೋಡುವ.